ಆಳೆತ್ತರದ ಗುಟ್ಟು

ನಮ್ಮ ಮನೆಯ ಪ್ಲಾನು ಮೊದಲ ಸಲ ಕೈಗೆ ಬಂದ ದಿನ ಅದನ್ನು ಚಾಪೆಯ ಮೇಲೆ ಹಾಸಿ, ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟು, ಮನೆಮಂದಿಯೆಲ್ಲ ಸುತ್ತ ಕೂತಿದ್ದೆವು. 30–40ರ ಸೈಟು. ಎಂಜಿನಿಯರ್ ಹುಡುಗ ಪೆನ್ಸಿಲ್ ತುದಿಯಲ್ಲಿ ಒಂದೊಂದೇ ಚೌಕ ತೋರಿಸುತ್ತ ಹೋದ. ಇದು ಹಾಲ್, ಇದು ರೂಮು, ಇದು ಅಡುಗೆಮನೆ, ಎಂಟಕ್ಕೆ ಹತ್ತು. ಎಲ್ಲರೂ ತಲೆಯಾಡಿಸಿದೆವು. ಯಾರಿಗೂ ಏನೂ ಕಂಡಿರಲಿಲ್ಲ ಎಂಬುದು ಬಯಲಾದದ್ದು ಅಮ್ಮ ಬಾಯಿಬಿಟ್ಟಾಗ. "ಎಲ್ಲಾ ಸರಿ ಕಣಪ್ಪ, ಇದರಲ್ಲಿ ನಾನು ಎಲ್ಲಿ ನಿಂತ್ಕೊಳ್ಳೋದು?"

ಹುಡುಗ ಕ್ಷಣ ತಬ್ಬಿಬ್ಬಾದ. ಆಮೇಲೆ ಹಾಳೆ ಮಗುಚಿ, ಹಿಂಬದಿಯಲ್ಲಿ ಅಡುಗೆಮನೆಯನ್ನು ಹಲಸಿನಹಣ್ಣು ಸೀಳಿದಂತೆ ಸೀಳಿ ಪಕ್ಕದಿಂದ ಬರೆದ. ಕೆಳಗೆ ನೆಲ, ಮೇಲೆ ತಾರಸಿ, ಗೋಡೆಗಂಟಿದ ಒಲೆಕಟ್ಟೆ, ಅದರ ಮೇಲೊಂದು ಶೆಲ್ಫು. ಕಟ್ಟೆಯ ಮುಂದೆ ಸೆರಗು ಸಿಕ್ಕಿಸಿ ತುರುಬು ಕಟ್ಟಿದ ಒಬ್ಬ ಹೆಂಗಸು. ಎಲ್ಲ ಸೇರಿ ಹತ್ತು ಗೆರೆ ಇದ್ದಿರಬಹುದು.

ಅಮ್ಮ ಬಗ್ಗಿ ನೋಡಿದಳು. "ಯಾರಪ್ಪಾ ಇವಳು? ನಾನು ಇಷ್ಟುದ್ದ ಇಲ್ಲ. ಈ ಕಟ್ಟೆ ಮೇಲೆ ರೊಟ್ಟಿ ತಟ್ಟಬೇಕಾದ್ರೆ ನನ್ನ ಮೊಣಕೈ ಕಿವಿ ಹತ್ರ ಬರತ್ತೆ. ಆ ಶೆಲ್ಫಲ್ಲಿ ಇಟ್ಟಿದ್ದು ನಂಗೆ ಸಿಕ್ಕೋದು ಮುಂದಿನ ಜನ್ಮಕ್ಕೇ."

ಅರ್ಧ ಗಂಟೆ ಅಡಿ-ಇಂಚು ಹೇಳಿದರೂ ಕಾಣದಿದ್ದ ಅಡುಗೆಮನೆ, ಹತ್ತು ಗೆರೆಯ ಹೆಂಗಸು ಬಂದು ನಿಂತದ್ದೇ ತಡ, ತನ್ನ ತಪ್ಪುಗಳ ಸಮೇತ ಕಂಡುಬಿಟ್ಟಿತು.

ಇದು ನಿಮಗೂ ಅರ್ಧ ಗೊತ್ತಿರುವ ಸಂಗತಿಯೇ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಫೋಟೊ ತೆಗೆಯುವಾಗ "ಯಾರಾದ್ರೂ ಪಾದದ ಹತ್ರ ನಿಂತ್ಕೊಳ್ಳಿ" ಎನ್ನುತ್ತೇವೆ. ಯಾರೂ ನಿಲ್ಲದಿದ್ದರೆ 58 ಅಡಿಯ ಮೂರ್ತಿ ಶೋಕೇಸಿನ ಗೊಂಬೆಯಾಗುತ್ತದೆ. ಬೆಂಗಳೂರಿನ ರಿಂಗ್ ರಸ್ತೆಯ ಹೋರ್ಡಿಂಗ್‌ಗಳನ್ನು ನೋಡಿ: ಇನ್ನೂ ಪಾಯವೇ ತೋಡದ ಅಪಾರ್ಟ್‌ಮೆಂಟಿನ ಮುಂದೆ, ಎಲ್ಲೂ ಹುಟ್ಟಿಯೇ ಇರದ ಜನ ನಾಯಿ ಹಿಡಿದು ವಾಕಿಂಗ್ ಹೊರಟಿರುತ್ತಾರೆ. ಅವರನ್ನು ಅಳಿಸಿದರೆ ಕಟ್ಟಡ ಸತ್ತಂತೆ ಕಾಣುತ್ತದೆ. ಒಂದು ಕಲ್ಲು ಕದಲಿಲ್ಲ, ಒಂದು ಕಿಟಕಿ ಬದಲಾಗಲಿಲ್ಲ. ಹಾಗಾದರೆ ಆ ಪುಟ್ಟ ಆಕೃತಿ ಮಾಡುತ್ತಿದ್ದ ಕೆಲಸ ಏನು?

ಕಣ್ಣಿಗೆ ಅಡಿಕೋಲಿಲ್ಲ

ಮೈಸೂರಿನ ಯಾವುದಾದರೂ ತಾರಸಿಯ ಮೇಲೆ ನಿಂತು ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಚಾಮುಂಡಿ ಬೆಟ್ಟದ ಗೋಪುರಕ್ಕೆ ಅಡ್ಡ ಹಿಡಿಯಿರಿ. ಗೋಪುರ ಮಾಯ. ಕಣ್ಣಿನ ಮಟ್ಟಿಗೆ ಆ ಹೊತ್ತಿನಲ್ಲಿ ಗೋಪುರಕ್ಕಿಂತ ಹೆಬ್ಬೆರಳೇ ದೊಡ್ಡದು.

ಕಣ್ಣಿಂದ ಒಂದು ವಸ್ತುವಿನ ತಲೆಗೊಂದು ದಾರ, ಬುಡಕ್ಕೊಂದು ದಾರ ಎಳೆದಿದ್ದೇವೆ ಎಂದುಕೊಳ್ಳೋಣ. ಎರಡು ದಾರಗಳ ನಡುವೆ ಕತ್ತರಿಯ ಬಾಯಿಯಂತೆ ಒಂದು ಸಂದು ಬಿಡುತ್ತದೆ. ಕಣ್ಣಿಗೆ ಸಿಗುವುದು ಆ ಬಾಯಿ ಎಷ್ಟು ತೆರೆದಿದೆ ಎಂಬ ಲೆಕ್ಕ ಮಾತ್ರ. ಇದನ್ನು ನೋಟದ ಕತ್ತರಿ ಎನ್ನೋಣ. ವಿಜ್ಞಾನಿಗಳು ವಿಶುಯಲ್ ಆ್ಯಂಗಲ್ ಎನ್ನುತ್ತಾರೆ. ಹತ್ತಿರದ ಸಣ್ಣದಕ್ಕೂ ದೂರದ ದೊಡ್ಡದಕ್ಕೂ ಕತ್ತರಿ ಒಂದೇ ಸಮ ಬಾಯಿ ತೆರೆಯಬಹುದು. ಸೂರ್ಯನ ಅಡ್ಡಳತೆ ಚಂದ್ರನಿಗಿಂತ ಸುಮಾರು 400 ಪಟ್ಟು. ಅವನಿರುವ ದೂರವೂ ಸುಮಾರು 400 ಪಟ್ಟು. ಹಾಗಾಗಿ ಇಬ್ಬರಿಗೂ ಕತ್ತರಿ ತೆರೆಯುವುದು ಅರ್ಧ ಡಿಗ್ರಿ. ಪೂರ್ಣ ಗ್ರಹಣದ ದಿನ ಚಂದ್ರ ಸೂರ್ಯನನ್ನು ಡಬ್ಬಿಗೆ ಮುಚ್ಚಳ ಹಾಕಿದಂತೆ ಮುಚ್ಚುವುದು ಈ ಕಾರಣಕ್ಕೆ.

ನಿಜ ಪ್ರಪಂಚದಲ್ಲಿ ನಾವು ಹೀಗೆ ಮೋಸಹೋಗುವುದು ಕಡಿಮೆ, ಏಕೆಂದರೆ ಅಲ್ಲಿ ಕಣ್ಣಿಗೆ ಆಳುಕಾಳುಗಳಿದ್ದಾರೆ. ಎರಡು ಕಣ್ಣು ಎರಡು ಜಾಗದಿಂದ ನೋಡುತ್ತವೆ. ತಲೆ ಅಲುಗಿದರೆ ಹತ್ತಿರದ್ದು ಬೇಗ ಸರಿಯುತ್ತದೆ, ದೂರದ್ದು ನಿಧಾನ. ಕಾಗದದ ಮುಂದೆ ಈ ಆಳುಗಳೆಲ್ಲ ಕೈಕೊಡುತ್ತಾರೆ. ತಲೆ ಎಷ್ಟೇ ಅಲ್ಲಾಡಿಸಿದರೂ ಚಿತ್ರದ ಕಂಬ ಚಿತ್ರದ ಗೋಡೆಗಿಂತ ಬೇಗ ಸರಿಯುವುದಿಲ್ಲ. "ಇದು ಚಪ್ಪಟೆ ಹಾಳೆ, ಅಷ್ಟೇ" ಎಂದು ಅವರು ವರದಿ ಕೊಡುತ್ತಾರೆ. ಉಳಿಯುವುದು ಕತ್ತರಿಯೊಂದೇ. ಹೀಗಾಗಿ ಜನರಿಲ್ಲದ ಚಿತ್ರದ ಡಬ್ಬಿ ಬೆಂಕಿಪೊಟ್ಟಣವೂ ಆಗಬಹುದು, ವಿಧಾನಸೌಧವೂ ಆಗಬಹುದು.

ಅಳತೆಯಾಳು

ಈ ಗೊಂದಲ ಬಿಡಿಸಲು ಚಿತ್ರದೊಳಗೆ ಗಾತ್ರ ಗೊತ್ತಿರುವ ಒಂದು ವಸ್ತು ಇದ್ದರೆ ಸಾಕು. ಮರ ಇಡಬಹುದೆ? ನುಗ್ಗೆಯೂ ಮರ, ಆಲವೂ ಮರ. ಬಾಗಿಲು? ಅರಮನೆಗೂ ಬಾಗಿಲಿದೆ, ಕೋಳಿಗೂಡಿಗೂ ಇದೆ. ಮನುಷ್ಯ ಹಾಗಲ್ಲ. ಬೆಳೆದವರಲ್ಲಿ ಹೆಚ್ಚಿನವರು ಐದಡಿಗೂ ಆರಡಿಗೂ ನಡುವಿನ ಒಂದೇ ಅಡಿಯ ಸಂದಿನಲ್ಲಿ ಸೇರಿಬಿಡುತ್ತಾರೆ. ಹುಟ್ಟಿದ ದಿನದಿಂದ ಅವರನ್ನೇ ನೋಡುತ್ತ ಬೆಳೆದಿದ್ದೇವೆ. ವಾಸ್ತುಶಿಲ್ಪಿಗಳು ತಮ್ಮ ಚಿತ್ರದಲ್ಲಿ ನಿಲ್ಲಿಸುವ ಇಂಥ ಆಕೃತಿಯನ್ನು ಸ್ಕೇಲ್ ಫಿಗರ್ ಎನ್ನುತ್ತಾರೆ. ನಾವು ಅಳತೆಯಾಳು ಎಂದರೆ ಅಡ್ಡಿಯಿಲ್ಲ.

ಕನ್ನಡಕ್ಕೆ ಇದು ಹೊಸ ವಿಷಯವೇನೂ ಅಲ್ಲ. ನಮ್ಮ ಬಾವಿಗಳು ಎರಡಾಳು ಆಳ, ಜೋಳ ಆಳೆತ್ತರ, ಹೊಳೆಯ ನೀರು ಎದೆಮಟ್ಟ, ಹೂವು ಒಂದು ಮೊಳ. ಮೀಟರು, ಅಡಿಕೋಲು ಬರುವ ಮುಂಚೆ ಪ್ರಪಂಚವನ್ನೆಲ್ಲ ಮೈಯಿಂದಲೇ ಅಳೆದವರು ನಾವು. "ಹೊಳೆಯಲ್ಲಿ ನಾಲ್ಕೂವರೆ ಅಡಿ ನೀರಿದೆ" ಎಂದರೆ ಯೋಚಿಸಬೇಕು. "ಕೊರಳಮಟ್ಟ" ಎಂದರೆ ಕೊರಳೇ ತಣ್ಣಗಾಗುತ್ತದೆ.

ಅಳತೆಯಾಳಿನ ಬಲ ಎಷ್ಟೆಂದು ನೋಡಲು ಫ್ರಾನ್ಸಿನ ವಾಸ್ತುಶಿಲ್ಪಿ ಎಟಿಯೆನ್-ಲೂಯಿ ಬುಲ್ಲೆ 1784ರಲ್ಲಿ ಬರೆದ ಒಂದು ಚಿತ್ರ ಸಾಕು. ಐಸಾಕ್ ನ್ಯೂಟನ್ನರ ನೆನಪಿಗೆಂದು ಯೋಚಿಸಿದ ಸ್ಮಾರಕ ಅದು: ಸುಮಾರು 150 ಮೀಟರ್ ಅಡ್ಡಳತೆಯ ಒಂದು ಗೋಳ. ವಿಜಯಪುರದ ಗೋಳಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಇದು ಅದರ ನಾಲ್ಕು ಪಟ್ಟು. ಕಟ್ಟುವುದು ಆ ಕಾಲದ ಯಾರಿಂದಲೂ ಆಗದ ಮಾತು, ಯಾರೂ ಕಟ್ಟಲಿಲ್ಲ. ಚಿತ್ರದ ಬುಡದಲ್ಲಿ ಮೆಟ್ಟಿಲ ಬಳಿ ಬುಲ್ಲೆ ಸಾಸಿವೆ ಚೆಲ್ಲಿದಂತೆ ಒಂದಿಷ್ಟು ಚುಕ್ಕೆ ಇಟ್ಟಿದ್ದಾನೆ. ಹತ್ತಿರ ಹೋಗಿ ನೋಡಿದರೆ ಅವು ಮನುಷ್ಯರು. ಬೆರಳಿಂದ ಆ ಚುಕ್ಕೆಗಳನ್ನು ಮುಚ್ಚಿ: ಪೀಠದ ಮೇಲಿಟ್ಟ ಲಿಂಬೆಹಣ್ಣು. ಬೆರಳು ತೆಗೆಯಿರಿ: ಎದೆ ಝಲ್ಲೆನ್ನುತ್ತದೆ.

ಆದರೆ ಅಳತೆಯಾಳು ಕೇವಲ ಅಡಿಕೋಲಾಗಿದ್ದರೆ ಅವನ ಬದಲು ನಿಜವಾದ ಅಡಿಕೋಲನ್ನೇ ಬರೆಯಬಹುದಿತ್ತು. ನಮ್ಮ ಪ್ಲಾನಿನ ಮೂಲೆಯಲ್ಲೂ ಅಡಿ-ಇಂಚಿನ ಪಟ್ಟಿ ಇತ್ತು. ಅದನ್ನು ನೋಡಿ ಅಮ್ಮನಿಗೆ ಏನೂ ಹೊಳೆಯಲಿಲ್ಲ. ಮನುಷ್ಯನ ಆಕೃತಿ ಅದಕ್ಕಿಂತ ಹೆಚ್ಚಿನದೇನನ್ನೋ ಮಾಡುತ್ತದೆ. ಅದನ್ನು ಹಿಡಿಯಲು ಸಮುದ್ರದ ದಡಕ್ಕೆ ಹೋಗಬೇಕು.

ಮಲ್ಪೆಯಲ್ಲೊಂದು ಪ್ರಯೋಗ

ಮಲ್ಪೆಯ ಮರಳಿನ ಮೇಲೆ, ಸಮತಟ್ಟಾದ ಕಡೆ ನಿಂತು ನೀರೂ ಬಾನೂ ಕೂಡುವ ಗೆರೆ ನೋಡಿ. ನಿಮ್ಮಷ್ಟೇ ಎತ್ತರದ ಗೆಳೆಯ ಹತ್ತು ಹೆಜ್ಜೆ ಮುಂದೆ ನಿಂತಿದ್ದಾನೆ. ಆ ಗೆರೆ ಅವನ ಕಣ್ಣಿನ ನೇರಕ್ಕೆ ಹಾಯುತ್ತದೆ. ನೂರು ಹೆಜ್ಜೆ ಆಚೆ ಚುರುಮುರಿ ಮಾರುವವನು ಹೆಬ್ಬೆರಳ ಉಗುರಷ್ಟು ಕಾಣುತ್ತಿದ್ದಾನೆ. ಅವನೂ ನಿಮ್ಮೆತ್ತರದವನಾದರೆ ಅವನ ಕಣ್ಣಿಗೂ ಅದೇ ಗೆರೆ. ದೂರ ಹೋದಂತೆ ಜನ ಚಿಕ್ಕವರಾಗುತ್ತಾರೆ, ಕಾಲುಗಳು ಮೇಲಕ್ಕೇರುತ್ತವೆ. ಕಣ್ಣುಗಳು ಮಾತ್ರ ಒಂದೇ ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲಾಗಿ ನಿಲ್ಲುತ್ತವೆ.

ಈಗ ಮರಳಿನ ಮೇಲೆ ಕುಳಿತುಕೊಳ್ಳಿ. ಗೆರೆಯೂ ನಿಮ್ಮೊಂದಿಗೆ ಕೆಳಗಿಳಿದು, ನಿಂತವರನ್ನೆಲ್ಲ ಸೊಂಟದ ಬಳಿ ಕತ್ತರಿಸುತ್ತದೆ. ಕಾಪುವಿನ ದೀಪಸ್ತಂಭ ಹತ್ತಿ ನೋಡಿದರೆ ಅದು ನಿಮ್ಮ ಜೊತೆ ಮೇಲೆ ಬಂದಿರುತ್ತದೆ. ಕೆಳಗಿನ ತಲೆಗಳೆಲ್ಲ ಅದರ ಅಡಿಯಲ್ಲಿ.

ಮನೆ ಕಟ್ಟಿಸಿದವರು ಮೇಸ್ತ್ರಿಯ ನೀರಿನ ಪೈಪನ್ನು ಕಂಡಿರುತ್ತಾರೆ. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿ ಒಬ್ಬ, ಇನ್ನೊಂದು ತುದಿ ಇನ್ನೊಬ್ಬ ಹಿಡಿದು, ಮನೆಯ ಎಲ್ಲ ಗೋಡೆಗಳಿಗೂ ಒಂದೇ ಮಟ್ಟದ ಗುರುತು ಹಾಕುತ್ತಾರೆ. ಬಾನಂಚಿನ ಗೆರೆ ಪ್ರಕೃತಿಯ ನೀರಿನ ಪೈಪು. ಪ್ರಪಂಚಕ್ಕೆಲ್ಲ ನಿಮ್ಮ ಕಣ್ಣಿನವರೆಗೆ ನೀರು ತುಂಬಿದೆ ಎಂದುಕೊಳ್ಳಿ. ಆ ನೀರಿನ ಮೇಲ್ಮೈಯನ್ನು ಅಂಚಿನಿಂದ ನೋಡಿದರೆ ಒಂದು ಗೆರೆಯಾಗಿ ಕಾಣುತ್ತದೆ. ಅದು ಹತ್ತಿರವಿರಲಿ ದೂರವಿರಲಿ, ಸಮನೆಲದ ಮೇಲೆ ನಿಂತ ಎಲ್ಲವನ್ನೂ ನಿಮ್ಮ ಕಣ್ಣಿನ ಎತ್ತರದಲ್ಲೇ ಮುಟ್ಟುತ್ತದೆ. ಈ ಮಟ್ಟವನ್ನು ಕಣ್ಮಟ್ಟ ಎಂದು ಕರೆಯೋಣ. ದಡದಲ್ಲಿ ನೆಟ್ಟ ಬಾವುಟದ ಕಂಬವನ್ನು ಅದು ಸರಿ ಅರ್ಧಕ್ಕೆ ಕತ್ತರಿಸಿದರೆ ಕಂಬ ನಿಮ್ಮ ಕಣ್ಣೆತ್ತರದ ಎರಡರಷ್ಟು. ಎಷ್ಟು ದೂರದಲ್ಲಿದೆ ಎಂದು ಕೇಳಬೇಕಾಗಿಯೇ ಇಲ್ಲ.

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್, ನೋಡುವ ಕ್ರಿಯೆಯಲ್ಲಿ ನೆಲಕ್ಕೂ ಬಾನಂಚಿಗೂ ಇರುವ ಮಹತ್ವವನ್ನು 1950ರ ತಮ್ಮ ಪುಸ್ತಕದಿಂದಲೇ ಒತ್ತಿ ಹೇಳುತ್ತ ಬಂದರು. 1973ರಲ್ಲಿ ಸಂಶೋಧಕ ಹೆರಾಲ್ಡ್ ಸೆಜ್‌ವಿಕ್ ಬಾನಂಚಿನ ಈ ಲೆಕ್ಕವನ್ನು ಬಿಡಿಸಿಟ್ಟರು. ಸಾರ ಇಷ್ಟು: ಕಣ್ಣಿಗೆ ಅಡಿಕೋಲಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ನೆಲದಿಂದ ಕಣ್ಣಿನವರೆಗಿನ ನಿಮ್ಮ ಮೈಯೇ ಆ ಕೋಲು.

ಬೇಳೆಕಾಳಿನಷ್ಟು ತೂತು

ಇಟಲಿಯ ಫ್ಲಾರೆನ್ಸ್ ನಗರದವರು ಕಣ್ಮಟ್ಟದ ಈ ಗುಟ್ಟನ್ನು ಕೈಯಿಂದ ಕಂಡುಕೊಂಡು ಆಗಲೇ 500 ವರ್ಷ ದಾಟಿತ್ತು. 15ನೇ ಶತಮಾನದ ಮೊದಲ ದಶಕಗಳಲ್ಲಿ ಫಿಲಿಪ್ಪೊ ಬ್ರುನೆಲ್ಲೆಸ್ಕಿ ಎಂಬ ಶಿಲ್ಪಿ ಅಲ್ಲಿನ ಎಂಟುಮೂಲೆಯ ದೀಕ್ಷಾಮಂದಿರದ ಚಿತ್ರವನ್ನು ಒಂದು ಸಣ್ಣ ಹಲಗೆಯ ಮೇಲೆ ಬರೆದು, ಹಲಗೆಗೊಂದು ತೂತು ಕೊರೆದ. ಚಿತ್ರದ ಕಡೆ ಅದು ಬೇಳೆಕಾಳಿನಷ್ಟು ಎಂದು ಅವನ ಜೀವನಚರಿತ್ರೆ ಬರೆದ ಮಾನೆಟ್ಟಿ ದಾಖಲಿಸಿದ್ದಾನೆ. ನೋಡುವವರು ಹಲಗೆಯ ಬೆನ್ನಿಗೆ ಕಣ್ಣಿಟ್ಟು, ಎದುರು ಒಂದು ಕನ್ನಡಿ ಹಿಡಿದು, ತೂತಿನೊಳಗಿಂದ ಚಿತ್ರದ ಪ್ರತಿಬಿಂಬವನ್ನು ನೋಡಬೇಕು. ಆಕಾಶವಿರಬೇಕಾದ ಜಾಗಕ್ಕೆ ಬ್ರುನೆಲ್ಲೆಸ್ಕಿ ಬಣ್ಣ ಹಚ್ಚಿರಲಿಲ್ಲ, ತಿಕ್ಕಿ ಹೊಳಪಿಸಿದ ಬೆಳ್ಳಿ ಕೂರಿಸಿದ್ದ. ಅದರಲ್ಲಿ ನಿಜವಾದ ಮೋಡಗಳು ಗಾಳಿಗೆ ತೇಲುತ್ತಿದ್ದವು.

ಆ ತೂತು ಮಾಡಿದ ಕೆಲಸ, ನೋಡುವವನ ಕಣ್ಣನ್ನು ಒಂದೇ ಬಿಂದುವಿಗೆ ಮೊಳೆ ಹೊಡೆದು ನಿಲ್ಲಿಸಿದ್ದು. ನಾವು ಪರ್ಸ್ಪೆಕ್ಟಿವ್ ಎನ್ನುವ ದೂರನೋಟದ ಚಿತ್ರಣಕ್ಕೆ ಅದೇ ಅಡಿಪಾಯ. 1435ರಲ್ಲಿ ಲಿಯೋನ್ ಬಟ್ಟಿಸ್ತ ಆಲ್ಬರ್ಟಿ ಇದಕ್ಕೆ ಮೈಯನ್ನೂ ಸೇರಿಸಿದ. ಚಿತ್ರಕಲೆಯ ಬಗ್ಗೆ ಅವನು ಬರೆದ ಪುಸ್ತಕದ ವಿಧಾನ ಹೀಗಿದೆ: ಮೊದಲು ಚಿತ್ರದಲ್ಲಿ ಮನುಷ್ಯ ಎಷ್ಟೆತ್ತರ ಇರಬೇಕೆಂದು ಗೊತ್ತುಮಾಡಿಕೋ. ಆ ಎತ್ತರವನ್ನು ಮೂರು ಭಾಗ ಮಾಡು. ಆ ಒಂದು ಭಾಗವೇ ಅಳತೆ. ಅದರಿಂದ ಚಿತ್ರದ ಬುಡದ ಗೆರೆಯನ್ನು ಭಾಗ ಮಾಡು. ಗೆರೆಗಳೆಲ್ಲ ಹೋಗಿ ಕೂಡುವ ಬಿಂದು ಆ ಮನುಷ್ಯನಿಗಿಂತ ಮೇಲೆ ಇರಬಾರದು; ಆಗ ನೋಡುವವನೂ ನೋಡಿಸಿಕೊಳ್ಳುವುದೂ ಒಂದೇ ನೆಲದ ಮೇಲೆ ನಿಂತಂತೆ ಕಾಣುತ್ತದೆ.

ಸರಿಯಾಗಿ ಗಮನಿಸಿ. ಆಲ್ಬರ್ಟಿ ಕಟ್ಟಡ ಬರೆದು ಆಮೇಲೆ ಜನರನ್ನು ಅಂಟಿಸುವುದಿಲ್ಲ. ಅವನಲ್ಲಿ ಮನುಷ್ಯ ಮೊದಲು, ನೆಲ ಆಮೇಲೆ. ಇಂದಿಗೂ ವಾಸ್ತುಶಿಲ್ಪ ಕಲಿಯುವವರು ಜನರನ್ನು ಬರೆಯುವ ಉಪಾಯ ಇದೇ: ಕಣ್ಮಟ್ಟದ ಗೆರೆ ಎಳೆದು, ಹತ್ತಿರದವರ, ದೂರದವರ ತಲೆಗಳನ್ನೆಲ್ಲ ಅದಕ್ಕೇ ನೇತುಹಾಕುತ್ತಾರೆ. ನೋಡುವ ನಮ್ಮ ತಲೆಯೂ ಆಗ ಅದೇ ದಾರಕ್ಕೆ ಪೋಣಿಸಿಕೊಳ್ಳುತ್ತದೆ. ಹಾಳೆಯಾಚೆ ಇದ್ದವರು ಒಳಗೆ ಬಂದಿರುತ್ತೇವೆ.

ಕಾಲಿನ ಕಾಲು ಭಾಗ

ಒಳಗೆ ಬಂದಾಯಿತು. ಇನ್ನು ನಡೆಯಬೇಕು, ಹತ್ತಬೇಕು, ಕೂರಬೇಕು. ಇಲ್ಲಿ ಎರಡು ಪ್ರಯೋಗಗಳು ನೆರವಿಗೆ ಬರುತ್ತವೆ.

1984ರಲ್ಲಿ ವಿಲಿಯಂ ವಾರೆನ್ ಎಂಬ ಅಮೆರಿಕದ ಸಂಶೋಧಕ ಕುಳ್ಳರ ಒಂದು ಗುಂಪು, ಉದ್ದನೆಯವರ ಒಂದು ಗುಂಪು ಮಾಡಿ ಬೇರೆ ಬೇರೆ ಎತ್ತರದ ಮೆಟ್ಟಿಲುಗಳನ್ನು ತೋರಿಸಿದರು. ಯಾವ ಮೆಟ್ಟಿಲನ್ನು ಕೈ ಊರದೆ ಹತ್ತಬಲ್ಲಿರಿ ಎಂಬುದು ಪ್ರಶ್ನೆ. ಇಂಚಿನಲ್ಲಿ ನೋಡಿದರೆ ಎರಡು ಗುಂಪಿನ ಉತ್ತರ ಬೇರೆ ಬೇರೆ. ಆದರೆ ಪ್ರತಿಯೊಬ್ಬರ ಉತ್ತರವನ್ನು ಅವರವರ ಕಾಲಿನ ಉದ್ದದಿಂದ ಭಾಗಿಸಿದಾಗ ಎಲ್ಲರದೂ ಒಂದೇ ಸಂಖ್ಯೆಗೆ ಬಂತು: 0.88. ಅದಕ್ಕಿಂತ ಎತ್ತರದ್ದು ಹತ್ತುವ ಮೆಟ್ಟಿಲಲ್ಲ, ಗೋಡೆ. ದಣಿವು ಅತಿ ಕಡಿಮೆ ಇದ್ದದ್ದು ಕಾಲುದ್ದದ 0.26ರಷ್ಟು, ಅಂದರೆ ಹೆಚ್ಚುಕಡಿಮೆ ಕಾಲಿನ ಕಾಲು ಭಾಗ ಎತ್ತರದ ಮೆಟ್ಟಿಲಿನಲ್ಲಿ.

ಮೂರು ವರ್ಷದ ಬಳಿಕ ವಾರೆನ್ ಮತ್ತು ವ್ಹಾಂಗ್ ಬಾಗಿಲುಸಂದುಗಳನ್ನು ಪರೀಕ್ಷೆಗೆ ತೆಗೆದುಕೊಂಡರು. ಸಂದು ಭುಜದಗಲದ 1.3 ಪಟ್ಟಿಗಿಂತ ಕಿರಿದಾದರೆ ಜನ ತಮಗೇ ತಿಳಿಯದೆ ಭುಜ ಓರೆ ಮಾಡಿ ನುಗ್ಗುತ್ತಿದ್ದರು; ದಪ್ಪನೆಯವರೂ ಸಣಕಲರೂ ಒಂದೇ ಲೆಕ್ಕಕ್ಕೆ. ಮುಂದಿನ ಹಂತದಲ್ಲಿ ಅವರೊಂದು ಕುಚೇಷ್ಟೆ ಮಾಡಿದರು. ನೋಡುವವರಿಗೆ ಗೊತ್ತಾಗದಂತೆ ಆಚೆಕಡೆಯ ನೆಲವನ್ನು ಸುಳ್ಳುನೆಲ ಹಾಕಿ ಎತ್ತರಿಸಿದರು. ಕಣ್ಣಿನಿಂದ ನೆಲಕ್ಕೆ ಇರುವ ದೂರ ಕಡಿಮೆಯಾಯಿತು, ಮಿದುಳಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ. ಫಲವಾಗಿ ಅದೇ ಸಂದು ಮೊದಲಿಗಿಂತ ಅಗಲವಾಗಿ ಕಂಡಿತು. ಮಲ್ಪೆಯ ದಡದ ಲೆಕ್ಕ ಪ್ರಯೋಗಶಾಲೆಯಲ್ಲೂ ತಾಳೆಯಾಯಿತು: ಮಿದುಳು ಜಾಗವನ್ನು ಅಳೆಯುವುದು ತನ್ನ ಕಣ್ಣೆತ್ತರದಿಂದ, ಬಳಸುವುದು ತನ್ನ ಕಾಲು-ಭುಜಗಳ ಲೆಕ್ಕದಿಂದ.

ಒಂದು ವಸ್ತು ಒಂದು ಮೈಗೆ ಏನಕ್ಕೆ ಒದಗುತ್ತದೆ ಎಂಬುದಕ್ಕೆ ಗಿಬ್ಸನ್ ಅಫೋರ್ಡೆನ್ಸ್ ಎಂಬ ಹೊಸ ಪದ ಟಂಕಿಸಿದ್ದರು. ಕನ್ನಡದಲ್ಲಿ ಒದಗು ಎನ್ನಬಹುದು. ಮೊಣಕಾಲೆತ್ತರದ ಜಗಲಿಯ ಒದಗು ಕೂರುವುದು. ಅದೇ ಜಗಲಿ ಎರಡು ವರ್ಷದ ಮಗುವಿಗೆ ಹತ್ತಲು ಗೋಡೆ, ಹಿಡಿದು ನಿಲ್ಲಲು ಆಸರೆ. ಕಟ್ಟಡ ಅಂದರೆ ಒದಗುಗಳ ಮೂಟೆ. ಪ್ಲಾನಿನಲ್ಲಿ ಅವು ಕಟ್ಟಿಟ್ಟಿರುತ್ತವೆ. ಅಳತೆಯಾಳು ಬಂದು ಮೂಟೆ ಬಿಚ್ಚುತ್ತಾನೆ.

ಟೋಕಿಯೋದ ಯೋಶಿಹಾರು ತ್ಸುಕಾಮೊಟೊ ಮತ್ತು ಮೊಮೊಯೊ ಕೈಜಿಮಾ ಎಂಬ ವಾಸ್ತುಶಿಲ್ಪಿ ದಂಪತಿ ಇದನ್ನು ಒಂದು ಕಲೆಯಾಗಿಯೇ ಬೆಳೆಸಿದ್ದಾರೆ. 1992ರಲ್ಲಿ ಶುರುವಾದ ಅವರ ಸಂಸ್ಥೆಯ ಹೆಸರು ಅಟೆಲಿಯೆ ಬೌ-ವೌ. 2007ರಲ್ಲಿ ಹೊರಬಂದ 'ಗ್ರಾಫಿಕ್ ಅನಾಟಮಿ' ಎಂಬ ಪುಸ್ತಕದಲ್ಲಿ ಅವರು ತಮ್ಮ ಪುಟ್ಟ ಮನೆಗಳನ್ನು ನೆತ್ತಿಯಿಂದ ಪಾಯದವರೆಗೆ ಸೀಳಿ ತೋರಿಸುತ್ತಾರೆ. ಕತ್ತಿ ಹಾಯ್ದ ಕಡೆ ಗೋಡೆಯೊಳಗಿನ ಪದರ, ತೊಲೆ, ಮೊಳೆಯವರೆಗೆ ಎಲ್ಲವೂ ಎಂಜಿನಿಯರ್ ಮೆಚ್ಚುವಂತೆ ಕರಾರುವಾಕ್ಕು. ಅದರ ಹಿಂದೆ, ದೂರನೋಟದಲ್ಲಿ, ವಾಸವಿರುವ ಮನೆ: ಯಾರೋ ಮೆಟ್ಟಿಲ ಮೇಲೆ ಕೂತಿದ್ದಾರೆ, ಯಾರೋ ಮೇಜಿಗೆ ಒರಗಿದ್ದಾರೆ, ಸಾಮಾನು ಸರಂಜಾಮು ಅಲ್ಲಲ್ಲೇ ಇದೆ. ಬಣ್ಣವಿಲ್ಲ, ನೆರಳಿಲ್ಲ, ಬರೀ ತೆಳು ಗೆರೆ. ಮೆಟ್ಟಿಲು ಹತ್ತಲಷ್ಟೇ ಅಲ್ಲ ಕೂರಲೂ ಒದಗುತ್ತದೆ ಎಂಬುದನ್ನು ಯಾವ ಅಡಿ-ಇಂಚೂ ಹೇಳುವುದಿಲ್ಲ. ಕೂತ ಮನುಷ್ಯ ಹೇಳುತ್ತಾನೆ.

ಎತ್ತಿದ ಹೆಜ್ಜೆ

ಚಿತ್ರದಲ್ಲಿ ಮನುಷ್ಯನಿದ್ದರೆ ನಮ್ಮ ಕಣ್ಣು ಮೊದಲು ಹೋಗುವುದೂ ಅವನ ಮೇಲೆಯೇ. ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ 1960ರ ದಶಕದಲ್ಲಿ ಜನರಿಗೆ ಇಲ್ಯಾ ರೇಪಿನ್ನರ ಒಂದು ಪ್ರಸಿದ್ಧ ಚಿತ್ರ ತೋರಿಸಿ, ಕಣ್ಣು ಎಲ್ಲೆಲ್ಲಿ ಹಾಯುತ್ತದೆಂದು ದಾಖಲಿಸಿದರು. ಬಹುಕಾಲದ ನಂತರ ಮನೆಗೆ ಮರಳಿದವನೊಬ್ಬ ಕೋಣೆಯೊಳಗೆ ಕಾಲಿಡುವ ಚಿತ್ರ ಅದು. ಬಾಗಿಲು, ಕಿಟಕಿ, ನೆಲದ ಹಲಗೆ ಎಲ್ಲವೂ ಇದ್ದವು. ಕಣ್ಣುಗಳು ಮತ್ತೆ ಮತ್ತೆ ಮುತ್ತಿದ್ದು ಮುಖಗಳನ್ನು, ಮೈಗಳನ್ನು. ಕೋಣೆ ಕಂಡದ್ದು ಆ ಜನರ ನಡುವೆ ಹಾರಾಡುವಾಗ.

ಆ ಮೈ ಚಲಿಸುವಂತಿದ್ದರೆ ಇನ್ನೂ ಬಲ. ಸಂಜೆಗತ್ತಲಲ್ಲಿ ದೂರದ ಗದ್ದೆಬದುವಿನ ಮೇಲೆ ಬರುವವನನ್ನು ಮುಖ ಕಾಣದಿದ್ದರೂ "ನಡಿಗೆ ನೋಡಿದ್ರೇ ಗೊತ್ತಾಯ್ತು" ಎನ್ನುತ್ತೇವಲ್ಲ, 1973ರಲ್ಲಿ ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ ಅದನ್ನೇ ಕತ್ತಲ ಕೋಣೆಯಲ್ಲಿ ಮಾಡಿ ತೋರಿಸಿದರು. ಒಬ್ಬನ ಕೀಲುಗಳಿಗೆ ಹತ್ತು-ಹನ್ನೆರಡು ಬೆಳಕಿನ ಚುಕ್ಕೆ ಅಂಟಿಸಿದರು. ಅವನು ನಿಂತಿದ್ದಾಗ ಅವು ಬರೀ ಚುಕ್ಕೆ. ನಡೆದದ್ದೇ ತಡ, ನೋಡಿದವರೆಲ್ಲ ಕ್ಷಣಾರ್ಧದಲ್ಲಿ "ಮನುಷ್ಯ!" ಎಂದರು. 2000ದಲ್ಲಿ ಝೋಯಿ ಕೂರ್ತ್ಸಿ ಮತ್ತು ನ್ಯಾನ್ಸಿ ಕ್ಯಾನ್ವಿಶರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಓಡುತ್ತಿರುವವನ, ಎಸೆಯುತ್ತಿರುವವನ ಸ್ಥಿರ ಫೋಟೊ ನೋಡಿದಾಗಲೂ, ಮಿದುಳಿನಲ್ಲಿ ಚಲನೆಯನ್ನು ಗುರುತಿಸುವ ಭಾಗ ಸುಮ್ಮನೆ ಕೂತವರ ಫೋಟೊ ನೋಡಿದಾಗಿನದಕ್ಕಿಂತ ಹೆಚ್ಚು ಚುರುಕಾಗುತ್ತದೆಂದು ತೋರಿಸಿದರು. ನಿಂತ ಚಿತ್ರದಿಂದ ಮಿದುಳು ಮುಂದಿನ ಕ್ಷಣವನ್ನು ತಾನೇ ಹೊಲಿದುಕೊಳ್ಳುತ್ತದೆ.

ಪಾಸ್‌ಪೋರ್ಟ್ ಫೋಟೊದವರಂತೆ ಸೆಟೆದು ನಿಂತ ಜನರನ್ನು ಚಿತ್ರದಲ್ಲಿಟ್ಟರೆ ಅಳತೆ ಸಿಗುತ್ತದೆ, ಜೀವ ಸಿಗುವುದಿಲ್ಲ. ಹಿಮ್ಮಡಿ ಎತ್ತಿದ ಒಬ್ಬ ಇದ್ದರೆ ಅವನ ಮುಂದಿನ ಹೆಜ್ಜೆಗೊಂದು ನೆಲ ಬೇಕಾಗುತ್ತದೆ. ಆ ನೆಲವನ್ನು ನಾವು ನಂಬಿಬಿಡುತ್ತೇವೆ.

ಯಾರ ಆಳು?

ಇಷ್ಟು ಬಲವಿರುವ ಉಪಾಯ ದುರ್ಬಳಕೆಯಾಗದೆ ಇರುತ್ತದೆಯೆ? 18ನೇ ಶತಮಾನದ ಪಿರಾನೇಸಿ ರೋಮಿನ ಹಳೆಯ ಕಟ್ಟಡಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚುಹಾಕಿ ಮಾರುತ್ತಿದ್ದ. ಅವನ ಚಿತ್ರಗಳಲ್ಲಿ ಜನ ಇರಬೇಕಾದ್ದಕ್ಕಿಂತ ಚಿಕ್ಕವರು. ಆಳು ಕುಗ್ಗಿದಷ್ಟೂ ಕಮಾನು ಬೆಳೆಯಿತು. ಆ ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೋಮಿಗೆ ಬಂದವರಿಗೆ ನಿಜವಾದ ರೋಮ್ ಸಪ್ಪೆ ಎನಿಸಿದ್ದುಂಟು.

ಅಪಾರ್ಟ್‌ಮೆಂಟಿನ ಬ್ರೋಷರ್ ಕೈಗೆ ಬಂದಾಗ ನೀವೇ ಪರೀಕ್ಷಿಸಬಹುದು. ನಮ್ಮ ಕೋಣೆಗಳ ಎತ್ತರ ಸಾಮಾನ್ಯವಾಗಿ ಹತ್ತಡಿ. ನಿಂತವರ ಕಣ್ಣು ಸುಮಾರು ಐದಡಿಗೆ. ಅಂದರೆ ಗೋಡೆಗೆ ತಾಗಿ ನಿಂತವರ ಕಣ್ಣು ಗೋಡೆಯ ಸರಿ ಅರ್ಧಕ್ಕೆ ಬರಬೇಕು. ಮೂರನೇ ಒಂದು ಭಾಗಕ್ಕೇ ನಿಂತುಹೋಗಿದ್ದರೆ ಅಲ್ಲಿ 15 ಅಡಿಯ ತಾರಸಿ ಇರಬೇಕು, ಇಲ್ಲವೇ ನಿಮ್ಮ ದುಡ್ಡಿನ ಮೇಲೆ ಯಾರಿಗೋ ಕಣ್ಣಿರಬೇಕು.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಅಮ್ಮ ಕೇಳಿದ್ದು: ಯಾರಪ್ಪಾ ಇವಳು? 1940ರ ದಶಕದಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ ಕಟ್ಟಡಗಳ ಅಳತೆಗೆಲ್ಲ ಒಂದೇ ಮೂಲಮೈ ಗೊತ್ತುಮಾಡಲು ಹೊರಟು ಮಾಡ್ಯುಲರ್ ಎಂಬ ಪದ್ಧತಿ ರೂಪಿಸಿದರು. ಒಂದು ಕೈ ಮೇಲೆತ್ತಿ ನಿಂತ ಗಂಡಸಿನ ಚಿತ್ರ ಅದರ ಲಾಂಛನ. ಮೊದಲು ಅವನೆತ್ತರ 1.75 ಮೀಟರ್ ಇತ್ತು. ಆಮೇಲೆ ಆರಡಿ, ಅಂದರೆ 1.83 ಮೀಟರಿಗೆ ಏರಿಸಿದರು. ಅಡಿ-ಇಂಚಿಗೂ ಮೀಟರಿಗೂ ಲೆಕ್ಕ ಚೆನ್ನಾಗಿ ಹೊಂದಿತು ಎಂಬುದು ಒಂದು ಕಾರಣ. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಸ್ಫುರದ್ರೂಪಿ ಪೊಲೀಸರು ಯಾವಾಗಲೂ ಆರಡಿ ಇರುತ್ತಾರೆ ಎಂಬುದು ಅವರು ಕೊಟ್ಟುಕೊಂಡ ಇನ್ನೊಂದು ಸಮರ್ಥನೆ. ಎತ್ತಿದ ಕೈಯ ತುದಿ 2.26 ಮೀಟರ್, ಮಾರ್ಸೆ ನಗರದ ಅವರ ಪ್ರಸಿದ್ಧ ವಸತಿ ಕಟ್ಟಡದಲ್ಲಿ ಕೋಣೆಯ ಎತ್ತರಕ್ಕೂ ಅದೇ ಅಳತೆ. ಐದಡಿಗೆ ಎರಡಿಂಚು ಕಡಿಮೆ ಇರುವ ನನ್ನ ಅಮ್ಮ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಅದೇ ಲೆ ಕಾರ್ಬ್ಯೂಸಿಯೆ ಬಳಿ 1950ರ ದಶಕದ ಮೊದಲಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ ಕಲಿತ ಬಾಲಕೃಷ್ಣ ದೋಶಿ ಮುಂದೆ ಬೇರೆ ದಾರಿ ಹಿಡಿದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನ ಕಲ್ಲಿನ ಮೊಗಸಾಲೆಗಳಲ್ಲಿ ನಡೆದವರಿಗೆ ಅವರ ಕೈ ಪರಿಚಿತ. ತಮ್ಮ ಕಟ್ಟಡಗಳನ್ನು ಅವರು ನಮ್ಮ ಮಿನಿಯೇಚರ್ ಚಿತ್ರಗಳ ರೀತಿಯಲ್ಲೂ ಬರೆದರು. ಅಲ್ಲಿ ಅಂಗಳ ಮೇಲಿನಿಂದ, ಗೋಡೆ ಎದುರಿನಿಂದ, ಮರ ಪಕ್ಕದಿಂದ, ಎಲ್ಲವೂ ಒಂದೇ ಹಾಳೆಯಲ್ಲಿ. ಫ್ಲಾರೆನ್ಸಿನವರು ಹೊಡೆದ ಮೊಳೆ ಕಿತ್ತುಹೋಗಿದೆ, ಒಂದೇ ಕಣ್ಮಟ್ಟ ಎಂಬುದಿಲ್ಲ. ಆದರೂ ಚಿತ್ರ ಕಂಗೆಡಿಸುವುದಿಲ್ಲ, ಏಕೆಂದರೆ ಅಲ್ಲಲ್ಲಿ ಜನರಿದ್ದಾರೆ. ಅಂಗಳದವಳ ಜೊತೆ ಅಂಗಳದಲ್ಲಿ, ಮೆಟ್ಟಿಲವನ ಜೊತೆ ಮೆಟ್ಟಿಲಲ್ಲಿ ನಮ್ಮ ಕಣ್ಣು ಒಂದೊಂದು ಗಳಿಗೆ ಕೂತು ಏಳುತ್ತದೆ. ಒಬ್ಬ ಆರಡಿಯವನ ಬದಲು ಹಲವು ಮೈಗಳು ಅಲ್ಲಿ ಅಳತೆ ಕೊಡುತ್ತವೆ.

ಕಟ್ಟೆಯ ಎತ್ತರ

ಈಗ ಆ ಹತ್ತು ಗೆರೆಯ ಹೆಂಗಸಿನ ಕೆಲಸ ಸ್ಪಷ್ಟವಾಗುತ್ತದೆ. ಕಣ್ಣಿಗೆ ಕತ್ತರಿಯಷ್ಟೇ ಗೊತ್ತು, ಗಾತ್ರ ಗೊತ್ತಿಲ್ಲ. ಗಾತ್ರ ಬರುವುದು ಮೈಯಿಂದ. ಕಾಗದದ ಮುಂದೆ ನಮ್ಮ ಮೈ ಹೊರಗೇ ಉಳಿಯುತ್ತದೆ. ಅಳತೆಯಾಳು ಒಳಗೆ ನಿಂತು ತನ್ನ ಮೈಯನ್ನು ನಮಗೆ ಎರವಲು ಕೊಡುತ್ತಾನೆ. ಆ ಎರವಲು ಮೈ ಹೊತ್ತು ಅಮ್ಮ ಅಡುಗೆಮನೆಯೊಳಗೆ ಹೋದಳು; ಉದ್ದದ ರವಿಕೆ ತೊಟ್ಟವಳಂತೆ ತೋಳು ಎಲ್ಲಿ ಹೆಚ್ಚಾಯಿತೆಂದು ಕೂಡಲೇ ಹೇಳಿದಳು.

ಎಂಜಿನಿಯರ್ ಹುಡುಗ ಅವತ್ತೇ ರಬ್ಬರ್ ತೆಗೆದುಕೊಂಡು ಹೆಂಗಸನ್ನು ಒಂದು ಗೇಣು ಕುಗ್ಗಿಸಿ ಬರೆದ. ಕಟ್ಟೆ 36 ಇಂಚಿನಿಂದ 31ಕ್ಕೆ ಇಳಿಯಿತು, ಶೆಲ್ಫೂ ಇಳಿಯಿತು. ಮನೆ ಹಾಗೆಯೇ ಎದ್ದು ನಿಂತಿತು. ಆ ಕಟ್ಟೆಯ ಮೇಲೆ ಅಮ್ಮ ಇಪ್ಪತ್ತು ವರ್ಷ ರೊಟ್ಟಿ ತಟ್ಟಿದಳು, ಬೆನ್ನು ನೋವು ಎಂದವಳಲ್ಲ.

ಈಗ ಅಡುಗೆ ನನ್ನ ಪಾಲಿಗೆ ಬಂದಿದೆ. ನಾನು ಐದಡಿ ಹತ್ತಿಂಚು. ತರಕಾರಿ ಹೆಚ್ಚಿ ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಚಾಪೆಯ ಸುತ್ತ ಕೂತವರಲ್ಲಿ ನಾನೂ ಇದ್ದೆ. ಚಿತ್ರದೊಳಗೆ ಇರಲಿಲ್ಲ.